ವಾಗ್ದಾನದ ಕಾರ್ಡಿನ ವಚನ ಯಾರಿಗೆ ಬರೆದದ್ದು?

ಗದಗ ಜಿಲ್ಲೆಯ ಶಾಲಾ ಶಿಕ್ಷಕಿಯೊಬ್ಬರ ಪ್ರಶ್ನೆ: "ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಎಲ್ಲರೂ ತಟ್ಟೆಯಿಂದ ಬೈಬಲಿನ ವಚನ ಅಚ್ಚಾದ ಒಂದೊಂದು ವಾಗ್ದಾನದ ಕಾರ್ಡು ಎತ್ತಿಕೊಂಡೆವು. ಮಗನ ಹೆಸರಿನಲ್ಲಿ ನಾನು ಎತ್ತಿದ್ದು ಯೆರೆಮೀಯ ಪ್ರವಾದಿಯ ಪುಸ್ತಕದ 29:11. ನಿಮ್ಮ ವಿಷಯದಲ್ಲಿ ನಾನು ಯೋಚಿಸುತ್ತಿರುವುದು ಕೇಡನ್ನಲ್ಲ, ಒಳಿತನ್ನು. ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂಬ ಮಾತು. ಮಗ ಎರಡನೆಯ ಸಲ ನೀಟ್ ಬರೆಯುವವನಿದ್ದ. ಐದಾರು ತಿಂಗಳು ಆ ಕಾರ್ಡನ್ನು ಅವನ ಓದುವ ಮೇಜಿನ ಎದುರು ಗೋಡೆಗೆ ಅಂಟಿಸಿ ಪ್ರಾರ್ಥನೆ ಮಾಡಿದೆವು. ಸೀಟು ಸಿಗುವಷ್ಟು ರ‍್ಯಾಂಕ್ ಬರಲಿಲ್ಲ. ಪ್ರಾರ್ಥನಾಕೂಟದ ಹಿರಿಯ ಅಕ್ಕ, 'ನಿಮ್ಮ ವಿಶ್ವಾಸ ಸಾಲಲಿಲ್ಲ' ಅಂದರು. ಧಾರವಾಡದಲ್ಲಿ ಎಂ.ಎ. ಓದುವ ಮಗಳು, 'ಅದು ಎರಡೂವರೆ ಸಾವಿರ ವರ್ಷದ ಹಿಂದ ಬಾಬೆಲಿನಾಗ ಇದ್ದವರಿಗೆ ಬರದ ಪತ್ರ, ನಿನಗಲ್ಲವ್ವಾ' ಅಂದಳು. ಮರುದಿನ ಅವಳೇ, 'ಹೆಂಗೂ ಅರ್ಥ ಕೊಡೋರು ಓದೋರು, ಬರದವರು ಯಾವಾಗೋ ಹೋಗ್ಯಾರ' ಅಂದಳು. ನಮ್ಮ ಯಜಮಾನರು, ವಾಗ್ದಾನ ಇದೆಯಲ್ಲ ಎಂದು ಎರಡೆಕರೆ ಹೊಲ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟಿಗೆ ಹಣ ಹೊಂದಿಸಲು ಓಡಾಡುತ್ತಿದ್ದಾರೆ. ಆ ವಚನ ನನ್ನದೋ ಅಲ್ಲವೋ, ಅಷ್ಟು ಹೇಳಿ."

ಸಹೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿದ್ದು ಒಂದು ಪ್ರಶ್ನೆ. ಅದರ ಅಡಿಯಲ್ಲಿ ಕೇಳದೆ ಬಿಟ್ಟ ಇನ್ನೊಂದು ಇದೆ: ದೇವರು ಮಾತಿಗೆ ತಪ್ಪಿದನೋ, ನಾನು ತಪ್ಪಾಗಿ ಓದಿದೆನೋ? ಎರಡಕ್ಕೂ ನನಗೆ ತಿಳಿದಷ್ಟು ಹೇಳುತ್ತೇನೆ. ಹೊಲದ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಸಹಿ ಬೇಡ.

ಮೊದಲು ನಿಮ್ಮ ಎದೆಯ ಮೇಲಿನ ಕಲ್ಲನ್ನು ಇಳಿಸೋಣ. ವಿಶ್ವಾಸ ಸಾಲದ್ದಕ್ಕೆ ವಾಗ್ದಾನ ಫಲಿಸಲಿಲ್ಲ ಎಂಬ ಮಾತು ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ. ಆ ಅಕ್ಕ ಬಹುಶಃ 13ನೇ ವಚನ ತೋರಿಸಿಯಾರು; ಮನಃಪೂರ್ವಕವಾಗಿ ಹುಡುಕಿದರೆ ಸಿಗುತ್ತದೆ ಎಂದಿದೆಯಲ್ಲ ಎನ್ನುತ್ತಾರೆ. ನಿಧಾನವಾಗಿ ಓದಿ ನೋಡಿ. ಹುಡುಕಿದರೆ ಏನು ಸಿಗುತ್ತದೆ ಎಂದಿದೆ ಅಲ್ಲಿ? "ನಾನು ನಿಮಗೆ ಸಿಗುತ್ತೇನೆ" ಎಂದು. ಪರೀಕ್ಷೆ, ಸೀಟು, ಕೆಲಸ ಯಾವುದೂ ಆ ವಾಕ್ಯದಲ್ಲಿಲ್ಲ. ಹಳೆಯ ಒಡಂಬಡಿಕೆ ಪಾಠ ಮಾಡುತ್ತ ಮೂವತ್ತು ವರ್ಷಕ್ಕೆ ಹತ್ತಿರ ಕಳೆದಿದ್ದೇನೆ. ವಚನದಿಂದ ಜನ ಪಡೆದ ಧೈರ್ಯವನ್ನು ನೋಡಿದಷ್ಟೇ, ಅದೇ ವಚನವನ್ನು ಇನ್ನೊಬ್ಬರು ಅಳತೆಗೋಲು ಮಾಡಿಕೊಂಡು ಒಬ್ಬ ತಾಯಿಯನ್ನು ಅಳೆದು ಕುಗ್ಗಿಸಿದ್ದನ್ನೂ ನೋಡಿದ್ದೇನೆ. ಆ ಅಳತೆ ಯೆರೆಮೀಯನದಲ್ಲ.

ಈಗ ಪತ್ರಕ್ಕೆ ಬನ್ನಿ. ಹೌದು, ಅದು ಪತ್ರವೇ. ಮಗಳು ಹೇಳಿದ ಅರ್ಧ ಸರಿ. ಕ್ರಿ.ಪೂ. 597ರಲ್ಲಿ ಬಾಬೆಲಿನ, ಎಂದರೆ ಬ್ಯಾಬಿಲೋನಿನ, ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಮಣಿಸಿ, ಅಲ್ಲಿನ ಎಳೆಯ ಅರಸನನ್ನೂ ಅವನ ತಾಯಿಯನ್ನೂ ಬಡಗಿ ಕಮ್ಮಾರರನ್ನೂ ಸೆರೆ ಒಯ್ದ. ದೇವಾಲಯದ ಸಾಮಾನುಗಳೂ ಹೋದವು. ಊರಲ್ಲಿ ಉಳಿದವರಿಗೂ ಸೆರೆ ಹೋದವರಿಗೂ ಒಂದೇ ಪ್ರಶ್ನೆ: ವಾಪಸು ಯಾವಾಗ?

ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು ಉತ್ತರ ಕೊಟ್ಟ: ಎರಡು ವರ್ಷದೊಳಗೆ. ಯೆರೆಮೀಯ ಆಗ ಕತ್ತಿನ ಮೇಲೆ ಮರದ ನೊಗ ಹೊತ್ತುಕೊಂಡು ತಿರುಗುತ್ತಿದ್ದ, ಬಾಬೆಲಿಗೆ ತಲೆಬಾಗಿ ಬದುಕಬೇಕಾಗುತ್ತದೆ ಎಂದು ತೋರಿಸಲಿಕ್ಕೆ. ಹನನ್ಯ ಆ ನೊಗವನ್ನು ಅವನ ಕತ್ತಿನಿಂದ ತೆಗೆದು ಮುರಿದುಹಾಕಿದ. ಇದು 28ನೇ ಅಧ್ಯಾಯ. ಕಾರ್ಡಿನ ಮೇಲಿರುವ ವಚನಕ್ಕಿಂತ ಒಂದು ಪುಟ ಹಿಂದೆ ಅಷ್ಟೆ. ಜನ ಯಾರ ಮಾತಿಗೆ ಕಿವಿಗೊಟ್ಟಿರುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ.

ಆಮೇಲೆ ಯೆರೆಮೀಯ ರಾಯಭಾರಿಗಳ ಕೈಯಲ್ಲಿ ಬಾಬೆಲಿಗೆ ಪತ್ರ ಕಳಿಸುತ್ತಾನೆ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಫಲ ಉಣ್ಣಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎನ್ನುತ್ತಾನೆ. ನಡುವಿನಲ್ಲಿರುವ ಪ್ರವಾದಿಗಳ ಮಾತಿಗೂ ಕನಸುಗಳಿಗೂ ಮೋಸ ಹೋಗಬೇಡಿ ಎಂಬುದು 8ನೇ ವಚನ. ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆತರುತ್ತೇನೆ ಎಂಬುದು 10ನೆಯದು. ಅದರ ಬೆನ್ನಿಗೇ ನಿಮ್ಮ ಕಾರ್ಡಿನ 11ನೇ ವಚನ ಬರುತ್ತದೆ.

ಎಪ್ಪತ್ತು ವರ್ಷ! ಆ ಪತ್ರವನ್ನು ಓದಿಸಿ ಕೇಳಿದ ನಡುವಯಸ್ಸಿನ ಹೆಂಗಸು ತನ್ನ ಊರನ್ನು ಮತ್ತೆ ನೋಡುವ ಮಾತೇ ಇರಲಿಲ್ಲ. ಒಳಿತು ಬರುವುದು ಖಂಡಿತ, ಆದರೆ ಅದನ್ನು ಉಣ್ಣುವವರು ಮೊಮ್ಮಕ್ಕಳು. ಈ ಪತ್ರಕ್ಕೆ ಬಂದ ಮೊದಲ ಪ್ರತಿಕ್ರಿಯೆಯೂ ಅದೇ ಅಧ್ಯಾಯದಲ್ಲಿದೆ. ಬಾಬೆಲಿನಲ್ಲಿದ್ದ ಶೆಮಾಯನೆಂಬುವನು ಸಿಟ್ಟಿನಿಂದ ಯೆರೂಸಲೇಮಿನ ಯಾಜಕನಿಗೆ ಬರೆಯುತ್ತಾನೆ: ಈ ಯೆರೆಮೀಯ ನಮಗೆ 'ಬಹಳ ಕಾಲ ಹಿಡಿಯುತ್ತದೆ, ಮನೆ ಕಟ್ಟಿಕೊಳ್ಳಿ' ಎಂದು ಹೇಳಿಕಳಿಸಿದ್ದಾನೆ, ಅವನನ್ನು ಯಾಕೆ ಗದರಿಸಲಿಲ್ಲ? ನಾವು ಇಂದು ಹೂವಿನ ಚಿತ್ರದ ಮೇಲೆ ಅಚ್ಚು ಹಾಕಿಸಿ ಹಂಚುವ ಪತ್ರವನ್ನು ಕೈಯಾರೆ ಪಡೆದ ಊರಿನವನು ಬೈಗುಳ ಬರೆದು ಕಳಿಸಿದ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. 11ನೇ ವಚನವೊಂದನ್ನೇ ಕತ್ತರಿಸಿ ತೆಗೆದು, 'ಈ ವರ್ಷವೇ, ನೀವು ಬಯಸಿದ್ದೇ' ಎಂದು ಓದಿದರೆ ನಾವು ಯೆರೆಮೀಯನ ಬಾಯಲ್ಲಿ ಹನನ್ಯನ ಮಾತನ್ನು ಹಾಕಿದ ಹಾಗಾಗುತ್ತದೆ. ಅಕ್ಷರ ಒಂದೂ ಬದಲಾಗಿರುವುದಿಲ್ಲ. ಹಿಂದಿನ ಹತ್ತು ವಚನ ಬಿಟ್ಟದ್ದಷ್ಟೇ. ಆ ಪತ್ರ ಯಾವ ಬೋಧನೆಯನ್ನು ತಡೆಯಲು ಬರೆದದ್ದೋ ಅದೇ ಬೋಧನೆಗೆ ಸಾಕ್ಷಿಯಾಗಿ ನಿಂತುಬಿಡುತ್ತದೆ. ತಪ್ಪು ನಿಮ್ಮೊಬ್ಬರದು ಎನ್ನುತ್ತಿಲ್ಲ. ವಚನಗಳಿಗೆ ಅಂಕಿ ಬಿದ್ದು ಬೈಬಲ್ ಅಚ್ಚಾಗತೊಡಗಿದ್ದು 16ನೇ ಶತಮಾನದಲ್ಲಿ. ಹುಡುಕಲು ಅನುಕೂಲವಾಗಲಿ ಎಂದು ಹಾಕಿದ ಅಂಕಿ ಕತ್ತರಿಸಲೂ ಗೆರೆ ಹಾಕಿಕೊಟ್ಟಿತು.

ನಮ್ಮ ಭಾಷೆಯೂ ಒಂದು ಕಡೆ ಕಾಲು ಜಾರಿಸುತ್ತದೆ. ಹೀಬ್ರೂ ಮೂಲದಲ್ಲಿ 'ನಿಮಗೆ' ಎಂಬುದು ಬಹುವಚನ. ಮಾತು ಇಡೀ ಸಮುದಾಯಕ್ಕೆ. ಇಂಗ್ಲಿಷಿನ 'ಯೂ'ನಲ್ಲಿ ಇದು ಕಾಣಿಸುವುದೇ ಇಲ್ಲ. ಕನ್ನಡದಲ್ಲಿ ಕಾಣಿಸಬೇಕಿತ್ತು, ಏಕೆಂದರೆ ನಮ್ಮ ಬೈಬಲಿನಲ್ಲಿ ದೇವರು ಒಬ್ಬರೊಡನೆ ಮಾತಾಡುವಾಗ 'ನೀನು' ಎನ್ನುತ್ತಾನೆ. ಆದರೆ ಕಾರ್ಡು ಕೈಗೆ ಬಂದಾಗ 'ನಿಮ್ಮ' ಎಂಬುದನ್ನು ನಾವು ಗೌರವದ ಬಹುವಚನವಾಗಿ, ನಮಗೊಬ್ಬರಿಗೇ ಹೇಳಿದ್ದಾಗಿ ಓದಿಕೊಳ್ಳುತ್ತೇವೆ. ಇನ್ನು 'ಒಳಿತು' ಎಂದು ನೀವು ಬರೆದ ಪದ. ಮೂಲದಲ್ಲಿ ಅದು ಶಾಲೋಮ್, ಶಾಂತಿ, ಕ್ಷೇಮ ಎರಡನ್ನೂ ಹೇಳುವ ಪದ. ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮವೇ ನಿಮ್ಮ ಕ್ಷೇಮ ಎಂದು 7ನೇ ವಚನ ಹೇಳುವಾಗಲೂ ಅದೇ ಶಾಲೋಮ್. ಎರಡು ಕಡೆ ಎರಡು ಪದ ಹಾಕಿ ಅನುವಾದಿಸಿದರೆ ಕೊಂಡಿ ಕಳಚಿಹೋಗುತ್ತದೆ. ನಿಮ್ಮ ಮಗನ ಮೊಬೈಲಿನಲ್ಲಿ ಎನ್‌ಐವಿ ಇಂಗ್ಲಿಷ್ ಬೈಬಲ್ ಇದ್ದರೆ ಅಲ್ಲಿ 'ಪ್ರಾಸ್ಪರ್' ಎಂದಿರುತ್ತದೆ. 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ಅದೇ ಜಾಗದಲ್ಲಿ 'ಪೀಸ್' ಇತ್ತು. ಶಾಂತಿಯನ್ನು ಏಳಿಗೆ ಮಾಡಿದ ಮೇಲೆ ಸೀಟು, ಸಂಬಳ ಬಹಳ ದೂರವೇನೂ ಉಳಿಯುವುದಿಲ್ಲ. ಅನುವಾದಕನೂ ಒಬ್ಬ ಓದುಗನೇ. ಅವನು ಓದಿದ್ದನ್ನೇ ನಾವು ಓದುತ್ತೇವೆ.

ಹಾಗಾದರೆ ಮಗಳು ಗೆದ್ದಳೇ? ಪೂರ್ತಿ ಇಲ್ಲ. ಅವಳು ಎರಡು ದಿನ ಹೇಳಿದ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ. ಬರೆದವನ ಕಾಲದಲ್ಲೇ ಅರ್ಥ ಮುಗಿದುಹೋಗಿದ್ದರೆ ಓದುಗರಿಗೆ ಕೆಲಸವಿಲ್ಲ. ಓದುಗರೇ ಅರ್ಥ ಕೊಡುವವರಾದರೆ ಅಮ್ಮನಿಗೆ 'ನಿನಗಲ್ಲ' ಎನ್ನಲು ಅವಳಿಗೆ ಅಧಿಕಾರವಿಲ್ಲ. ಅವಳ ಮೇಲೆ ಸಿಟ್ಟಾಗಬೇಡಿ. ದೊಡ್ಡ ದೊಡ್ಡ ವಿದ್ವಾಂಸರೇ ಈ ಎರಡು ದಡಗಳ ನಡುವೆ ಈಜಿದ್ದಾರೆ. ಲೇಖಕ ಸತ್ತ ಎಂದು 1967ರಲ್ಲಿ ಫ್ರಾನ್ಸಿನ ರೋಲಾಂ ಬಾರ್ತ್ ಬರೆದ. ಅದೇ ವರ್ಷ ಅಮೆರಿಕದ ಇ. ಡಿ. ಹರ್ಷ್, ಲೇಖಕ ಉದ್ದೇಶಿಸಿದ ಅರ್ಥ ಬದಲಾಗದು, ಬದಲಾಗುವುದು ಅದು ನಮಗೆ ಮುಖ್ಯವಾಗುವ ರೀತಿ ಎಂದು ವಾದಿಸಿದ. ನನಗೆ ಹರ್ಷ್‌ನ ಮಾತು ಹೆಚ್ಚು ಹಿಡಿಸುತ್ತದೆ. ಆದರೆ ಬೈಬಲಿನ ಮುಂದೆ ಅದೂ ಪೂರ್ತಿ ನಿಲ್ಲುವುದಿಲ್ಲ.

ಯಾಕೆಂದರೆ ಇಲ್ಲಿ 'ಲೇಖಕ' ಯಾರು? 36ನೇ ಅಧ್ಯಾಯ ನೋಡಿ. ಯೆರೆಮೀಯ ಹೇಳುತ್ತಾನೆ, ಅವನ ಲಿಪಿಕಾರ ಬಾರೂಕ ಮಸಿಯಲ್ಲಿ ಸುರುಳಿಯ ಮೇಲೆ ಬರೆಯುತ್ತಾನೆ. ಚಳಿಗಾಲ, ಅರಸ ಯೆಹೋಯಾಕೀಮನ ಮುಂದೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಉರಿಯುತ್ತಿದೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅಷ್ಟನ್ನು ಲೇಖಕರ ಚಾಕುವಿನಿಂದ ಕೊಯ್ದು ಬೆಂಕಿಗೆ ಹಾಕಿಸುತ್ತಾನೆ ಅರಸ, ಇಡೀ ಸುರುಳಿ ಬೂದಿಯಾಗುವವರೆಗೆ. ಯೆರೆಮೀಯ ಮತ್ತೆ ಹೇಳಿ ಬರೆಸುತ್ತಾನೆ. ಅಂಥ ಇನ್ನೂ ಅನೇಕ ಮಾತುಗಳು ಅದಕ್ಕೆ ಸೇರಿದವು ಎಂಬ ವಾಕ್ಯದೊಡನೆ ಅಧ್ಯಾಯ ಮುಗಿಯುತ್ತದೆ. ಸೇರಿಸಿದವರು ಯಾರೆಂದು ಹೇಳುವುದಿಲ್ಲ. ಯೆರೆಮೀಯನ ಪುಸ್ತಕದ ಹಳೆಯ ಗ್ರೀಕ್ ಅನುವಾದ ನಮ್ಮಲ್ಲಿರುವುದಕ್ಕಿಂತ ಸುಮಾರು ಎಂಟನೆಯ ಒಂದು ಪಾಲು ಚಿಕ್ಕದು. ಅಧ್ಯಾಯಗಳ ಸರಣಿಯೂ ಬೇರೆ: ನಿಮ್ಮ 29ನೇ ಅಧ್ಯಾಯ ಅಲ್ಲಿ 36ನೆಯದು, ಅದರಲ್ಲಿ 16ರಿಂದ 20ರವರೆಗಿನ ವಚನಗಳಿಲ್ಲ. ಗ್ರೀಕ್ ಅನುವಾದಕರು ಮೊಟಕು ಮಾಡಿರಬೇಕೆಂದು ತಳ್ಳಿಹಾಕುವಂತೆಯೂ ಇಲ್ಲ, ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಆ ಚಿಕ್ಕ ಪಾಠಕ್ಕೆ ಹೊಂದುವ ಹೀಬ್ರೂ ಚೂರುಗಳೇ ಸಿಕ್ಕಿವೆ. ಪ್ರವಾದಿ, ಲಿಪಿಕಾರ, ಮುಂದಿನ ತಲೆಮಾರಿನ ಪ್ರತಿಕಾರರು, ಇವರೆಲ್ಲರ ಕೈ ಸೇರಿ ಆದ ಪುಸ್ತಕ ಇದು. ದೇವರ ಮಾತು ಹೀಗೆ ಹಲವು ಕೈ ದಾಟಿ ಬಂತೆಂದರೆ ನನ್ನ ವಿಶ್ವಾಸಕ್ಕೆ ಕುಂದು ಬಂದಿಲ್ಲ. ಸುಟ್ಟರೂ ಉಳಿದ ಪುಸ್ತಕ ಎಂದು ಗೌರವ ಹೆಚ್ಚಿದೆ.

ಬರೆಹ ಮುಗಿದ ಮೇಲೂ ಓದು ನಿಲ್ಲಲಿಲ್ಲ. ಬೈಬಲಿನದೇ ಇನ್ನೊಂದು ಪುಸ್ತಕವಾದ ಎರಡನೆಯ ಪೂರ್ವಕಾಲವೃತ್ತಾಂತ ಯೆರೆಮೀಯನ ಎಪ್ಪತ್ತು ವರ್ಷವನ್ನು ನೆಲ ಅನುಭವಿಸಿದ ಸಬ್ಬತ್ತಿನ ವಿಶ್ರಾಂತಿಯಾಗಿ ಓದಿತು. ದಾನಿಯೇಲನ 9ನೇ ಅಧ್ಯಾಯದಲ್ಲಿ ದಾನಿಯೇಲ ಅದೇ ಮಾತನ್ನು ಗ್ರಂಥದಲ್ಲಿ ಓದಿ, ಗೋಣಿತಟ್ಟು ಉಟ್ಟು ಪ್ರಾರ್ಥಿಸಿದಾಗ, ಎಪ್ಪತ್ತು ವರ್ಷ, ವಾರಕ್ಕೆ ಏಳು ವರ್ಷದ ಲೆಕ್ಕದಲ್ಲಿ, ಎಪ್ಪತ್ತು ವಾರಗಳಾಗಿ ಬಿಚ್ಚಿಕೊಳ್ಳುತ್ತದೆ. ಹಳೆಯ ಪತ್ರವನ್ನು ತಮ್ಮ ಕಾಲಕ್ಕೆ ಓದಿಕೊಳ್ಳುವುದನ್ನು ಸಭೆಗೆ ಕಲಿಸಿದ್ದು ಬೈಬಲೇ. ಆದ್ದರಿಂದ 'ಅದು ನಿನಗಲ್ಲ' ಎಂಬ ಮಾತನ್ನು ನಾನು ಒಪ್ಪಲಾರೆ.

ಓದುಗರು ಅರ್ಥಕ್ಕೆ ಏನು ತರುತ್ತಾರೆ ಎಂದು ನನಗೆ ತಿಳಿದದ್ದು ತರಗತಿಯಲ್ಲಲ್ಲ. ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ತಗಡಿನ ಶೆಡ್ಡುಗಳ ನಡುವೆ ಒಂದು ಸಣ್ಣ ಕೂಟ ನಡೆಯುತ್ತಿತ್ತು. ಒಂದು ಸಂಜೆ ನಾನು ಈ 29ನೇ ಅಧ್ಯಾಯ ಓದಿದೆ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿರಿ ಎಂಬಲ್ಲಿಗೆ ಬಂದಾಗ ಮುಂದೆ ಕೂತಿದ್ದ ಮುದುಕಿಯೊಬ್ಬರು ತಡೆದರು. "ಹಂಗಾರ ಊರಿಗಿ ಹೋಗಾದಿಲ್ಲ ಅಂತ ಹೇಳ್ಯಾನೇನ್ರೀ?" ಅಂದರು. ಯಾರೂ ಮಾತಾಡಲಿಲ್ಲ. ಹತ್ತಾರು ಸಲ ಈ ಅಧ್ಯಾಯ ಪಾಠ ಮಾಡಿದ್ದೆ. ತೋಟ ಎಂದರೆ ನನಗೆ ಆಶೀರ್ವಾದವಾಗಿ ಕೇಳುತ್ತಿತ್ತು. ಗಿಡ ನೆಟ್ಟರೆ ಹಣ್ಣಾಗುವವರೆಗೆ ಇಲ್ಲೇ ಇರಬೇಕು ಎಂಬ ನೋವು ಆ ತಾಯಿಗೆ ಒಂದೇ ಸಲಕ್ಕೆ ಕೇಳಿಸಿತು. ಶೆಮಾಯನಿಗೆ ಕೇಳಿಸಿದ್ದೂ ಅದೇ. ಅವರು ಹೊಸ ಅರ್ಥವನ್ನೇನೂ ತಂದು ಸೇರಿಸಲಿಲ್ಲ. ಪತ್ರದಲ್ಲಿ ಇದ್ದದ್ದನ್ನು, ನನ್ನ ಬದುಕಿಗೆ ತಾಕದ್ದರಿಂದ ನನಗೆ ಕಾಣದ್ದನ್ನು ಎತ್ತಿ ತೋರಿಸಿದರು. ನಮ್ಮ ಕಾವ್ಯಮೀಮಾಂಸೆ ಸಹೃದಯ ಎಂದು ಕರೆದದ್ದು ಇಂಥ ಓದುಗರನ್ನೇ ಇರಬೇಕು.

ಇದನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಮಾರ್ಕ್ ಆಲನ್ ಪೊವೆಲ್ ಎಂಬ ಅಮೆರಿಕದ ಹೊಸ ಒಡಂಬಡಿಕೆ ವಿದ್ವಾಂಸರು ಲೂಕನ 15ನೇ ಅಧ್ಯಾಯದ ದುಂದುಗಾರ ಮಗನ ಕಥೆಯನ್ನು ಓದಿ ನೆನಪಿನಿಂದ ಹೇಳಲು ಕೇಳಿದರು. 100 ಅಮೆರಿಕನ್ ವಿದ್ಯಾರ್ಥಿಗಳಲ್ಲಿ ಕಥೆಯೊಳಗಿನ ಬರಗಾಲವನ್ನು ನೆನೆದವರು 6 ಜನ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 50 ಜನರಲ್ಲಿ 42 ಮಂದಿ ಬರವನ್ನು ಹೇಳಿದರು. 1941ರಿಂದ ಎರಡೂವರೆ ವರ್ಷ ಮುತ್ತಿಗೆಯಲ್ಲಿ ಸಿಕ್ಕಿ ಲಕ್ಷಾಂತರ ಜನ ಹಸಿವಿನಿಂದ ಸತ್ತ ಊರು ಅದು. ಒಬ್ಬರಿಗೆ ಮಗ ಕೆಟ್ಟದ್ದು ದುಂದಿನಿಂದ, ಇನ್ನೊಬ್ಬರಿಗೆ ಬರದಿಂದ. ಲೂಕನಲ್ಲಿ ಎರಡೂ ಇವೆ, ಒಂದೇ ಸಾಲಿನ ಅಂತರದಲ್ಲಿ.

ಇಷ್ಟಾದ ಮೇಲೆ, ನೀವು ಕಾರ್ಡು ಎತ್ತಿದ್ದೇ ಮೂಢನಂಬಿಕೆ ಎಂದು ನಾನು ಹೇಳುವೆನೆಂದುಕೊಂಡಿದ್ದರೆ, ಇಲ್ಲ. ಕ್ರಿ.ಶ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಳುತ್ತ ಕೂತಿದ್ದ, ಮುಂದೆ ಸಭೆಯ ದೊಡ್ಡ ಬೋಧಕನಾದ ಅಗಸ್ಟೀನ್, 'ಎತ್ತಿಕೋ, ಓದು' ಎಂಬ ಮಗುವಿನ ದನಿ ಕೇಳಿ ಅಪೊಸ್ತಲ ಪೌಲನ ಪತ್ರ ತೆರೆದು ಕಣ್ಣಿಗೆ ಬಿದ್ದ ಸಾಲನ್ನು ಓದಿದ. ಅವನ ಬದುಕು ತಿರುಗಿತು. ಆದರೆ ಗಮನಿಸಿ, ಕಣ್ಣಿಗೆ ಬಿದ್ದ ರೋಮಾಪುರದವರಿಗೆ 13ರ ಆ ಸಾಲು ಹೇಳಿದ್ದು ಕುಡಿತ, ಕಾಮ, ಜಗಳ ಬಿಟ್ಟು ಕ್ರಿಸ್ತನನ್ನು ಧರಿಸಿಕೊಳ್ಳಿ ಎಂದು. ಪೌಲ ರೋಮಿನ ಸಭೆಗೆ ಹೇಳಿದ್ದೂ ಅದನ್ನೇ. ಅಗಸ್ಟೀನನ ಓದು ಆ ಪತ್ರದ ಜಾಡಿನಲ್ಲೇ ನಡೆಯಿತು, ಅದನ್ನು ತಿರುಚಲಿಲ್ಲ. ಆಯ್ಕೆ ಆಕಸ್ಮಿಕವಾಗಿರಬಹುದು. ಓದು ಆಕಸ್ಮಿಕವಾಗಬಾರದು.

ಹಾಗಾಗಿ ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡೋಣ. ವಚನವನ್ನು ಪೂರ್ತಿ ಇತಿಹಾಸಕ್ಕೆ ಬಿಟ್ಟುಕೊಡಬಹುದು, ಮಗಳ ದಾರಿ. ಮೋಸ ಹೋಗುವ ಭಯವಿಲ್ಲ, ಆದರೆ ನಿಮ್ಮ ಇರುಳಿನ ಪ್ರಾರ್ಥನೆಗೆ ಮಾತೇ ಉಳಿಯುವುದಿಲ್ಲ, ಬೈಬಲ್ ಕಪಾಟಿಗೆ ಹೋಗುತ್ತದೆ. ಇಲ್ಲವೆ ಕಾರ್ಡು ಹೇಳಿದ್ದೇ ಪೂರ್ತಿ ಎಂದು ಹಿಡಿಯಬಹುದು. ನಿಮ್ಮ ಯಜಮಾನರ ದಾರಿ. ಧೈರ್ಯ ಕೂಡಲೇ ಬರುತ್ತದೆ. ಅಪಾಯವೂ ಅಷ್ಟೇ ಬೇಗ ಬರುತ್ತದೆ: ಆಸೆ ಕೈಗೂಡದಿದ್ದರೆ ದೇವರು ಸುಳ್ಳಾಗಬೇಕು, ಇಲ್ಲವೆ ನೀವು ಅವಿಶ್ವಾಸಿಯಾಗಬೇಕು, ಬೇರೆ ಬಾಗಿಲಿಲ್ಲ. ಇದೇ ರೀತಿಯ ಓದಿನಿಂದ ಔಷಧಿ ನಿಲ್ಲಿಸಿದವರನ್ನು, ಸಾಲಕ್ಕೆ ಜಾಮೀನು ನಿಂತವರನ್ನು ನಾನು ಬಲ್ಲೆ.

ನಾನು ಹೇಳುವ ದಾರಿ ನಿಧಾನದ್ದು. ಆ ವಚನ ನಿಮ್ಮದೇ, ಇಡೀ ಪತ್ರದ ಜೊತೆಗೆ. ಸೆರೆಯವರ ಸಾಲಿನಲ್ಲಿ ಕೂತು ಕೇಳಿದರೆ ಅದು ನಿಮಗೂ ಸಲ್ಲುತ್ತದೆ. ಇದರಲ್ಲೂ ಅಪಾಯವಿದೆ, ಮುಚ್ಚಿಡುವುದಿಲ್ಲ: 'ಕಾಯಿರಿ' ಎಂಬ ಮಾತನ್ನು ಅನ್ಯಾಯ ಸಹಿಸಿಕೊಳ್ಳಿ ಎಂದು ಬಡವರ ಬಾಯಿ ಮುಚ್ಚಿಸಲು ಬಳಸಿದವರಿದ್ದಾರೆ. ಅದಕ್ಕೇ ಒಬ್ಬರೇ ಓದಬೇಡಿ. ಪ್ರಾರ್ಥನಾಕೂಟದ ಅಕ್ಕನನ್ನೂ ಮಗಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, 27ರಿಂದ 29ನೇ ಅಧ್ಯಾಯದವರೆಗೆ ಗಟ್ಟಿಯಾಗಿ ಓದಿ. ಅರ್ಧ ಗಂಟೆ ಸಾಕು. ನೊಗ ಮುರಿದ ಹನನ್ಯ ಬಂದಾಗ ಯಾರೂ ಏನೂ ವಿವರಿಸಬೇಕಾಗುವುದಿಲ್ಲ.

ಬಾಬೆಲಿಗೆ ಹೋದವರು ಕೊನೆಗೆ ಏನು ಮಾಡಿದರು ಎಂಬುದಕ್ಕೆ ಮಣ್ಣಿನ ಹಲಗೆಗಳ ಸಾಕ್ಷ್ಯವಿದೆ. ಆಲ್ ಯಹೂದು, ಎಂದರೆ ಯೆಹೂದದ ಊರು, ಎಂಬ ಹಳ್ಳಿಯ ಹೆಸರು ಬರುವ ಹಲಗೆಗಳಲ್ಲಿ ಅತಿ ಹಳೆಯದು ಕ್ರಿ.ಪೂ. 572ರದು. ಯೆಹೂದ್ಯ ಹೆಸರಿನವರು ಹೊಲ ಗೇಯ್ದದ್ದು, ಖರ್ಜೂರ ಮತ್ತು ಜವೆಗೋಧಿಯ ಲೆಕ್ಕ, ತೆರಿಗೆ, ಸಾಲ ಎಲ್ಲ ಅಲ್ಲಿವೆ. ಪತ್ರ ಹೇಳಿದ ಹಾಗೆಯೇ ಬೇರು ಬಿಟ್ಟರು. ಎಷ್ಟು ಜನ ಯೆರೆಮೀಯನ ಮಾತು ಕೇಳಿ ಮಾಡಿದರೋ, ಎಷ್ಟು ಜನ ಬೇರೆ ಗತಿಯಿಲ್ಲದೆ ಮಾಡಿದರೋ, ಹಲಗೆಗಳು ಹೇಳುವುದಿಲ್ಲ. ಕ್ರಿ.ಪೂ. 539ರಲ್ಲಿ ಬಾಬೆಲ್ ಪಾರಸಿಯರ ಕೈಗೆ ಬಿದ್ದು ಊರಿಗೆ ಮರಳುವ ದಾರಿ ತೆರೆದಾಗಲೂ ಅಲ್ಲೇ ಉಳಿದ ಮನೆತನಗಳಿದ್ದವು.

ಈಗ ಹೊಲ. ಆ ಎರಡೆಕರೆಯನ್ನು ಅಡವಿಡಬೇಕೋ ಬೇಡವೋ ಎಂಬುದನ್ನು 11ನೇ ವಚನದಿಂದ ನಿರ್ಧರಿಸಬೇಡಿ. ಅದು ಆ ಪ್ರಶ್ನೆಗೆ ಬರೆದ ಉತ್ತರವಲ್ಲ. ಬಡ್ಡಿ ಎಷ್ಟು, ಕೋರ್ಸ್ ಮುಗಿಯುವವರೆಗೆ ಒಟ್ಟು ಖರ್ಚು ಎಷ್ಟು, ಒಂದು ವರ್ಷ ಮಳೆ ಕೈಕೊಟ್ಟರೆ ಕಂತು ಎಲ್ಲಿಂದ, ಇದನ್ನೆಲ್ಲ ಹಾಳೆಯ ಮೇಲೆ ಬರೆದು ಯಜಮಾನರ ಜೊತೆ ಕೂತು ಲೆಕ್ಕ ಹಾಕಿ. ಮಗನನ್ನೂ ಕೂರಿಸಿಕೊಳ್ಳಿ. ನಿಮ್ಮ ಪತ್ರದಲ್ಲಿ ಎಲ್ಲರ ಮಾತೂ ಇದೆ, ಅವನದೊಂದಿಲ್ಲ. ಡಾಕ್ಟರಾಗುವ ಆಸೆ ಅವನಿಗಿದೆಯೋ, ಆರು ತಿಂಗಳು ಆ ಕಾರ್ಡಿನ ಎದುರು ಕೂತು ಓದಿದ್ದು ಹೇಗಿತ್ತೋ, ಕೇಳಿ. ಮೂರನೆಯ ಸಲ ಬರೆಯುತ್ತೇನೆ ಎಂದಾನು, ನರ್ಸಿಂಗಿಗೋ ಬಿ.ಎಸ್ಸಿ.ಗೋ ಹೋಗುತ್ತೇನೆ ಎಂದಾನು. ಹೊಲ ಉಳುತ್ತೇನೆ ಎಂದರೂ ಅದು 5ನೇ ವಚನಕ್ಕೆ ದೂರವೇನಲ್ಲ.

ಕಾರ್ಡನ್ನು ಗೋಡೆಯಿಂದ ಕೀಳಬೇಡಿ. ಅದರ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ, 10ನೇ ವಚನವನ್ನು ನಿಮ್ಮ ಕೈಬರಹದಲ್ಲಿ ಬರೆದು.